ಗಾಳಿಗೆ ಬೋನು ಕಟ್ಟಿದ ಸೊಣ್ಣಮ್ಮ

ಬನಶಂಕರಿ ಗುಡಿಯ ಬಾಗಿಲು ಇನ್ನೂ ತೆರೆದಿಲ್ಲ. ಕನಕಪುರ ರಸ್ತೆಯ ಮರಗಳ ಕೆಳಗೆ ರಾತ್ರಿಯ ಕತ್ತಲೆ ಹಾಗೇ ಉಳಿದಿದೆ. ಇಟ್ಟಿಗೆ ತುಂಬಿದ ಲಾರಿಯೊಂದು ಎಡಗಡೆಗೆ ವಾಲಿಕೊಂಡು ರಸ್ತೆಯಂಚಿನಲ್ಲಿ ನಿಂತಿದೆ. ಅದರ ಡ್ರೈವರು ಬೀಡಿ ಸೇದುತ್ತ, ತಗಡಿನ ಮಾಡಿನ ಅಂಗಡಿಯ ಕಡೆ ನೋಡುತ್ತಿದ್ದಾನೆ. ಅಲ್ಲಿ ಒಬ್ಬ ಹೆಂಗಸು ಬಾಗಿಲ ಹಲಗೆಗಳನ್ನು ಒಂದೊಂದಾಗಿ ತೆಗೆದು ಗೋಡೆಗೆ ಒರಗಿಸುತ್ತಿದ್ದಾರೆ. ಮೊಣಕಾಲವರೆಗೆ ಎತ್ತಿ ಬಿಗಿದ ಸೀರೆ, ಅದರ ಮೇಲೆ ಗಂಡಸರ ಖಾಕಿ ಷರಟು, ತಲೆಗೆ ಬಿಗಿಯಾಗಿ ಸುತ್ತಿದ ಟವೆಲು.

ದೀಪ ಹಾಕಿದ ಮೇಲೆ ಅವರು ಮಾಡುವ ಮೊದಲ ಕೆಲಸ ಕೈಬಳೆ ತೆಗೆಯುವುದು. ಗಾಜಿನ ಹಸಿರು ಬಳೆಗಳು ಒಂದೊಂದಾಗಿ ಖಾಲಿ ಬಿಸ್ಕತ್ತಿನ ಡಬ್ಬಿಗೆ ಇಳಿಯುತ್ತವೆ. ಆಮೇಲೆ ಷರಟಿನ ತೋಳಿನ ಗುಂಡಿ ಹಾಕಿಕೊಳ್ಳುತ್ತಾರೆ. ಸೆರಗಿನ ತುದಿ ಎಲ್ಲೂ ಇಣುಕದ ಹಾಗೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ.

"ಗಾಳಿ ಪೂರ್ತಿ ಬಿಟ್ಟಿದ್ದೀಯೇನಪ್ಪ?"

"ಪಂಚರಾಗಿ ನಿಂತೈತಲ್ಲಮ್ಮ, ಇನ್ನೆಲ್ಲಿಂದ ಬರ್ಬೇಕು ಗಾಳಿ?"

ಅವರು ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು ವಾಲ್ವಿನ ಒಳಗಿನ ಸೂಜಿಯನ್ನು ತಿರುಗಿಸಿ ಹೊರತೆಗೆಯುತ್ತಾರೆ. ಪಂಚರಾದ ಚಕ್ರದಿಂದಲೂ ಸಣ್ಣಗೆ ಸುಂಯ್ ಎಂದು ಗಾಳಿ ಹೊರಡುತ್ತದೆ. ಆ ಸದ್ದು ಪೂರಾ ನಿಲ್ಲುವವರೆಗೂ ಅವರು ಅಲ್ಲಿಂದ ಏಳುವುದಿಲ್ಲ. ಡ್ರೈವರು ಬೀಡಿ ಎಸೆದು ಚಕ್ರ ಉರುಳಿಸಲು ಬರುತ್ತಾನೆ.

ಇವರು ಹೊಸಕೆರೆಹಳ್ಳಿಯ ಸೊಣ್ಣಮ್ಮ. ಈ ರಸ್ತೆಯಲ್ಲಿ ಲಾರಿ ಓಡಿಸುವವರಿಗೆ ಟೈರ್ ಸೊಣ್ಣಕ್ಕ. ಜಯನಗರದಲ್ಲಿ ಬಡಾವಣೆಯ ಮೇಲೆ ಬಡಾವಣೆ ಏಳುತ್ತಿರುವ ಈ ದಿನಗಳಲ್ಲಿ ಕಲ್ಲು, ಮರಳು, ಇಟ್ಟಿಗೆ ಹೊತ್ತ ಲಾರಿಗಳು ಹಗಲಿಡೀ ಈ ದಾರಿಯಲ್ಲಿ ಸಾಗುತ್ತವೆ. ನಾನು ವಾಸವಾಗಿರುವ ಮನೆಯ ಇಟ್ಟಿಗೆಯೂ ಹೀಗೇ ಬಂದದ್ದು. ಆ ಲಾರಿಗಳ ಚಕ್ರ ಯಾರ ಕೈಯಲ್ಲಿ ಬಿಚ್ಚಿಸಿಕೊಂಡು, ಯಾರ ಕೈಯಲ್ಲಿ ಗಾಳಿ ತುಂಬಿಸಿಕೊಂಡು ಬಂದವು ಎಂದು ನಾನು ಯೋಚಿಸಿದವನಲ್ಲ. ಕಳೆದ ತಿಂಗಳು ಬಸ್ಸು ಕೆಟ್ಟು ಈ ಅಂಗಡಿಯ ಎದುರೇ ನಿಲ್ಲಬೇಕಾಗಿ ಬಂದಾಗ ಅವರ ಕೆಲಸ ಕಣ್ಣಿಗೆ ಬಿತ್ತು. ಬಸ್ಸು ರಿಪೇರಿಯಾಗಿ ಹೊರಟರೂ ನಾನು ಹತ್ತಲಿಲ್ಲ.

ಅಂಗಡಿಯ ನಡುವೆ ಸಿಮೆಂಟಿನ ನೆಲಕ್ಕೆ ಬೋಲ್ಟು ಬಿಗಿದು ನಿಲ್ಲಿಸಿದ ಯಂತ್ರವಿದೆ. ಎದೆಯೆತ್ತರದ ಕಬ್ಬಿಣದ ಕಂಬ, ಬುಡದಲ್ಲಿ ಚಕ್ರ ಮಲಗಿಸುವ ದುಂಡನೆಯ ತಟ್ಟೆ, ಮೇಲಿನಿಂದ ಇಳಿಯುವ ಉಕ್ಕಿನ ಪಾದ. ಕಾಲಲ್ಲಿ ಪೆಡಲು ಒತ್ತಿದರೆ ಗಾಳಿಯ ಒತ್ತಡದಿಂದ ಪಾದ ಕೆಳಗಿಳಿಯುತ್ತದೆ. ತುಕ್ಕು ಹಿಡಿದು ಚಕ್ರಕ್ಕೆ ಕಚ್ಚಿಕೊಂಡ ಟೈರಿನ ಅಂಚನ್ನು ಒತ್ತಿ ಬಿಡಿಸುತ್ತದೆ. ಸನಿಕೆಯಂಥ ಕಬ್ಬಿಣದ ಪಟ್ಟಿ ಹಿಡಿದು ಇಬ್ಬರು ಗಂಡಸರು ಗಂಟೆಗಟ್ಟಲೆ ಬಡಿದಾಡುವ ಕೆಲಸವನ್ನು ಇದು ಬೀಡಿ ಸೇದಿ ಮುಗಿಸುವಷ್ಟರಲ್ಲಿ ಮಾಡುತ್ತದೆ. ಹಾಗೆಯೇ ಟೈರಿನ ಅಂಚಿಗೂ ಮನುಷ್ಯರ ಬೆರಳಿಗೂ ಇದು ಭೇದ ಮಾಡುವುದಿಲ್ಲ.

"ಇದು ಎತ್ತಿನ ಥರಾ ಅಲ್ಲ ಸ್ವಾಮಿ," ಎನ್ನುತ್ತಾರೆ ಸೊಣ್ಣಮ್ಮ. "ಎತ್ತಿಗೆ ಹೋ ಅಂದ್ರೆ ನಿಲ್ತದೆ. ಇದಕ್ಕೆ ಕಿವಿ ಇಲ್ಲ. ಅದಕ್ಕೇ ಕಾಲು ಪೆಡಲ್ ಮೇಲಿದ್ದಾಗ ನನ್ನ ಎರಡು ಕೈನೂ ನನ್ನ ಕಣ್ಣಿಗೆ ಕಾಣ್ತಿರ್ಬೇಕು. ಒಂದು ಕಾಣ್ಲಿಲ್ಲ ಅಂದ್ರೆ ಕಾಲು ಎತ್ತಿಬಿಡ್ತೀನಿ."

ಅವರ ಮೈಕಟ್ಟು ದೊಡ್ಡದಲ್ಲ. ವಯಸ್ಸು ಮೂವತ್ತೈದರ ಆಸುಪಾಸು; ಖಚಿತವಾಗಿ ಅವರಿಗೂ ತಿಳಿಯದು. ಮದುವೆಯಾಗಿ ಹೊಸಕೆರೆಹಳ್ಳಿಗೆ ಬಂದಾಗ ಗಂಡನ ಮನೆಗೆ ಕೆರೆ ಕೆಳಗೆ ಸ್ವಲ್ಪ ಗದ್ದೆಯಿತ್ತು. ಅಣ್ಣತಮ್ಮಂದಿರು ಪಾಲಾದಾಗ ಗಂಡ ಚಿಕ್ಕಬೈರಪ್ಪನಿಗೆ ಬಂದದ್ದು ಒಂದು ಪಟ್ಟೆ ಮಾತ್ರ. ಆತ ಬನಶಂಕರಿಯ ಹತ್ತಿರ ಜಯದೇವಪ್ಪನವರ ಟೈರ್ ಅಂಗಡಿಗೆ ಕೆಲಸಕ್ಕೆ ಸೇರಿದ. ಜಯದೇವಪ್ಪನವರು ಬಸವನಗುಡಿಯವರು, ಮಿಲಿಟರಿ ಹರಾಜಿನಲ್ಲಿ ಈ ಯಂತ್ರವನ್ನು ಕೊಂಡು ತಂದಿದ್ದರು. ಅದನ್ನು ಮೊದಲು ಪಳಗಿಸಿದವನು ಚಿಕ್ಕಬೈರಪ್ಪ.

"ಆ ಮೆಷಿನ್ನು ಬಂದ ದಿವಸ ನಮ್ಮನೆಯವರು ಊಟ ಮಾಡ್ಲಿಲ್ಲ, ಅದರ ಮಾತೇ ಆಡಿದ್ರು," ಎಂದು ಸೊಣ್ಣಮ್ಮ ನೆನೆಯುತ್ತಾರೆ. "ಹೊಸ ಸೊಸೆ ಬಂದಂಗೆ ಆಡ್ತಿದ್ರು."

ಚಿಕ್ಕಬೈರಪ್ಪನಿಗೆ ಅಪಘಾತವಾದದ್ದು ಸಾವಿರದ ಒಂಬೈನೂರ ಐವತ್ತೊಂಬತ್ತರಲ್ಲಿ, ಯಂತ್ರದಿಂದಲ್ಲ, ಗಾಳಿಯಿಂದ. ಲಾರಿಯ ಚಕ್ರಕ್ಕೆ ಟೈರು ಹಾಕಿದ ಮೇಲೆ ಅದು ಹೊರಗೆ ಜಾರದಂತೆ ಅಂಚಿನಲ್ಲಿ ಒಂದು ಕಬ್ಬಿಣದ ರಿಂಗು ಕೂರಿಸುತ್ತಾರೆ. ಗಾಳಿ ತುಂಬಿದಂತೆ ಟೈರು ಆ ರಿಂಗನ್ನು ಒತ್ತಿ ಹಿಡಿಯುತ್ತದೆ. ರಿಂಗು ಸರಿಯಾಗಿ ತನ್ನ ಕಚ್ಚಿನಲ್ಲಿ ಕೂತಿದ್ದರೆ ಆಯಿತು. ಇಲ್ಲದಿದ್ದರೆ ಒಳಗಿನ ಗಾಳಿಯೆಲ್ಲ ಸೇರಿ ಅದನ್ನು ಹೊರಗೆ ಎಸೆಯುತ್ತದೆ. ಅವತ್ತು ಅರ್ಧ ಗಾಳಿ ತುಂಬಿದ ಮೇಲೆ ರಿಂಗು ಒಂದು ಕಡೆ ಎದ್ದಿರುವುದು ಕಂಡಿತು. ಗಾಳಿ ಬಿಟ್ಟು ಮತ್ತೆ ಮೊದಲಿನಿಂದ ಕೂರಿಸಬೇಕಿತ್ತು. ಹೊರಗೆ ಲಾರಿಗಳ ಸಾಲಿತ್ತು, ಎಲ್ಲರಿಗೂ ಅವಸರ. ಚಿಕ್ಕಬೈರಪ್ಪ ಸುತ್ತಿಗೆ ಎತ್ತಿ ರಿಂಗಿನ ಮೇಲೆ ಒಂದು ಏಟು ಹಾಕಿದ. ಎಲ್ಲ ಅಂಗಡಿಯವರೂ ಹಾಗೇ ಮಾಡುತ್ತಿದ್ದರು. ಆತನೂ ಎಷ್ಟೋ ಸಲ ಮಾಡಿದ್ದ.

ರಿಂಗು ಹಾರಿ ಬಲಗೈಗೆ ಬಡಿಯಿತು. ತಗಡಿನ ಮಾಡು ಸೀಳಿಕೊಂಡು ಹೋಗಿ ರಸ್ತೆಯಾಚೆ ಬಿತ್ತು. ದೊಡ್ಡಾಸ್ಪತ್ರೆಯಲ್ಲಿ ಕೈ ಉಳಿಸಿಕೊಟ್ಟರು. ಆದರೆ ಅದು ಭುಜದಿಂದ ಮೇಲೇಳದು, ಬೆರಳು ಮಡಿಸಲಾಗದು. "ಪ್ರಾಣ ಉಳೀತಲ್ಲ, ಅದೇ ದೊಡ್ಡದು ಅಂದ್ರು ಎಲ್ಲರೂವೆ," ಎನ್ನುತ್ತಾರೆ ಸೊಣ್ಣಮ್ಮ. "ಆದ್ರೆ ಅವರು ಆರು ತಿಂಗಳು ಗೋಡೆ ಕಡೆ ಮುಖ ಮಾಡ್ಕೊಂಡು ಮಲಗಿದ್ರು. ನನ್ನ ಹತ್ರಾನೂ ಮಾತಿಲ್ಲ, ಮಕ್ಕಳ ಹತ್ರಾನೂ ಮಾತಿಲ್ಲ."

ಅಂಗಡಿಯ ಯಂತ್ರಕ್ಕೆ ಗೋಣಿ ತಾಟು ಹೊದಿಸಿದರು. ಕೆಲಸಕ್ಕೆ ಬಂದವರು ಮಾಡಿನ ಸೀಳು ನೋಡಿ ಹಿಂದಿರುಗುತ್ತಿದ್ದರು. ಜಯದೇವಪ್ಪನವರು ಯಂತ್ರವನ್ನು ಗುಜರಿಗೆ ಹಾಕಲು ಮನಸ್ಸು ಮಾಡಿದ್ದಾರೆಂಬ ಸುದ್ದಿ ಹೊಸಕೆರೆಹಳ್ಳಿಗೂ ಬಂತು. ಮಾರನೆಯ ಬೆಳಗ್ಗೆ ಸೊಣ್ಣಮ್ಮ ಕತ್ತರಿಗುಪ್ಪೆಯ ಹೊಲದ ದಾರಿ ಹಿಡಿದು ಅಂಗಡಿಗೆ ನಡೆದು ಬಂದರು.

ಆ ಮಾತುಕತೆಯನ್ನು ಜಯದೇವಪ್ಪನವರೇ ನನಗೆ ಹೇಳಿದರು. ಈಗ ಅವರಿಗೆ ವಯಸ್ಸಾಗಿದೆ. ಸಂಜೆ ಒಂದು ಹೊತ್ತು ಬಂದು ಅಂಗಡಿಯ ಮುಂದಿನ ಬೆಂಚಿನಲ್ಲಿ ಕೂರುತ್ತಾರೆ. "ನನ್ನ ಗಂಡನ ಕೆಲಸ ನಂಗೆ ಕೊಡಿ ಸಾವ್ಕಾರ್ರೇ ಅಂದ್ಲು. ಕಸ ಗುಡಿಸೋ ಕೆಲಸ ಕೇಳ್ತಿದಾಳೆ ಅಂದ್ಕೊಂಡೆ. ಆಗ್ಲಿ ಬಾಮ್ಮ ಅಂದೆ. ಅವಳು ನೆಟ್ಟಗೆ ಹೋಗಿ ಮೆಷಿನ್ ಮೇಲಿದ್ದ ಗೋಣಿ ತೆಗೆದ್ಲು. ಈ ಅಂಗಡಿ ಒಂದು ಮನೇಲಿ ಒಂದು ಕೈ ತಿಂದಿದೆ, ಇನ್ನೊಂದನ್ನೂ ನಾನು ಕೊಡಲ್ಲ ಅಂದುಬಿಟ್ಟೆ."

"ಅದಕ್ಕೆ ಏನಂದರು?"

"ಕೈ ಹೋಗದ ಹಾಗೆ ಮಾಡೋದು ಕಲೀತೀನಿ, ಕಲಿಯೋವರೆಗೂ ಅದರ ಮೇಲೆ ಚಕ್ರ ಇಡಲ್ಲ, ಮಾರಬೇಡಿ ಅಂದ್ಲು. ಎಷ್ಟು ಹೇಳಿದ್ರೂ ಬಾಗಿಲು ಬಿಟ್ಟು ಕದಲ್ಲಿಲ್ಲ."

ಮನೆಯಲ್ಲಿ ಇದಕ್ಕಿಂತ ದೊಡ್ಡ ಜಗಳವಾಯಿತು. ಅತ್ತೆ ಮುನಿವೆಂಕಟಮ್ಮನವರಿಗೆ ಸೊಸೆ ಲಾರಿಯವರ ನಡುವೆ ನಿಲ್ಲುವುದು ಒಂದು ಸಂಕಟವಾದರೆ, ಬಳೆ ತೆಗೆಯುವುದು ಅದಕ್ಕಿಂತ ದೊಡ್ಡ ಸಂಕಟ. "ನನ್ನ ಮಗ ಬದುಕಿರೋವಾಗ್ಲೇ ಬರಿಗೈ ಮಾಡ್ಕೊಂತೀಯೇನೇ?" ಎಂದು ಅವರು ಬೀದಿಯಲ್ಲಿ ನಿಂತು ಅತ್ತರಂತೆ. ಸೊಣ್ಣಮ್ಮ ಅದಕ್ಕೆ ಕೊಟ್ಟ ಉತ್ತರವನ್ನು ಮುನಿವೆಂಕಟಮ್ಮನವರೇ ಈಗ ನಗುತ್ತ ಹೇಳುತ್ತಾರೆ. "ಅತ್ತೆ, ಬಳೆ ಮೆಷಿನ್ನಿಗೆ ಸಿಕ್ಕಿದ್ರೆ ಕೈನೂ ಎಳ್ಕೊತದೆ. ಆಮೇಲೆ ಬಳೆ ಎಲ್ಲಿಗೆ ಹಾಕ್ಕೊಳ್ಳಾನ? ಅಂದ್ಲು ನೋಡಪ್ಪ!" ಆಮೇಲೂ ಮುದುಕಿ ಹಲವು ವಾರ ಸೊಸೆಯ ಜೊತೆ ಮಾತಾಡಲಿಲ್ಲ. ಆದರೆ ಬೆಳಗ್ಗೆ ಎದ್ದು ಬುತ್ತಿ ಮಾತ್ರ ಕಟ್ಟಿಡುತ್ತಿದ್ದರು.

ಗಂಡನದು ಬೇರೆಯೇ ಮೌನ. ಬೇಡ ಎಂದು ಒಂದೇ ಮಾತು ಹೇಳಿ ಗೋಡೆ ಕಡೆ ತಿರುಗಿದ್ದ. ಸೊಣ್ಣಮ್ಮ ಹಗಲು ಅಂಗಡಿಯಲ್ಲಿ ಜಯದೇವಪ್ಪನವರಿಗೆ ತಿಳಿದಷ್ಟನ್ನು ಕೇಳಿಕೊಳ್ಳುವರು, ಯಂತ್ರವನ್ನು ಖಾಲಿಯಾಗಿ ನಡೆಸಿ ಅದರ ಪಾದ ಎಲ್ಲಿ ಇಳಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ನೋಡುವರು. ಸಂಜೆ ಮನೆಯಲ್ಲಿ ರಾಗಿ ಬೀಸುವ ಕಲ್ಲನ್ನೇ ಚಕ್ರ ಮಾಡಿಕೊಂಡು, ಒಲೆಯ ಊದುಗೊಳವೆಯನ್ನು ಕಬ್ಬಿಣದ ಪಟ್ಟಿಯಂತೆ ಹಿಡಿದು ಟೈರಿನ ಅಂಚು ಎತ್ತುವುದನ್ನು ಅಭ್ಯಾಸ ಮಾಡುವರು. ಒಂದು ಸಂಜೆ ಹಿಂದಿನಿಂದ ದನಿ ಬಂತು.

"ಹಂಗೆ ಹಿಡೀಬೇಡ. ಪಟ್ಟಿ ಜಾರಿದ್ರೆ ಹೆಬ್ಬೆಟ್ಟು ಮುರೀತದೆ."

ಸೊಣ್ಣಮ್ಮ ತಿರುಗಿ ನೋಡಲಿಲ್ಲ. ತಿರುಗಿದರೆ ಆತ ಮತ್ತೆ ಬಾಯಿ ಮುಚ್ಚುತ್ತಾನೆಂಬ ಭಯ. "ಮತ್ತೆ ಹೆಂಗೆ ಹಿಡೀಲಿ?" ಎಂದು ಕಲ್ಲಿನ ಕಡೆ ನೋಡುತ್ತಲೇ ಕೇಳಿದರು.

"ಹೆಬ್ಬೆಟ್ಟೂ ಬೆರಳೂ ಒಂದೇ ಕಡೆ ಇರ್ಲಿ. ಮೈ ಅದರ ಮುಂದೆ ಇಡಬೇಡ, ಪಕ್ಕಕ್ಕೆ ಬಾ. ಇನ್ನೂ ಪಕ್ಕಕ್ಕೆ."

ಆತ ಎದ್ದು ಬಂದು ಪಕ್ಕದಲ್ಲಿ ಕೂತ. ಅಪಘಾತವಾದ ಮೇಲೆ ತಾನಾಗಿ ಎದ್ದು ಬಂದದ್ದು ಅದೇ ಮೊದಲು. ಅಲ್ಲಿಂದ ದಿನಾ ಸಂಜೆ ಪಾಠ. ಎಡಗೈಯಿಂದ ನೆಲದ ಮೇಲೆ ಬರೆದು ತೋರಿಸುತ್ತಿದ್ದ: ಚಕ್ರವನ್ನು ತಟ್ಟೆಗೆ ಹೇಗೆ ಬಿಗಿಯಬೇಕು, ತುಕ್ಕನ್ನು ಎಲ್ಲಿವರೆಗೆ ಕೆರೆಯಬೇಕು, ಟೈರಿನ ಅಂಚಿಗೆ ಎಷ್ಟು ಸೋಪಿನ ನೀರು ಸವರಬೇಕು, ಪಾದ ಇಳಿಯುವಾಗ ಎಲ್ಲಿ ನಿಲ್ಲಬೇಕು. ಎಲ್ಲ ಹೇಳಿಕೊಟ್ಟ. ಗಾಳಿ ತುಂಬುವುದನ್ನು ಮಾತ್ರ ಹೇಳಿಕೊಡಲಿಲ್ಲ. ಅದನ್ನು ಕೇಳಿದ ಕೂಡಲೇ ಎದ್ದು ಹೊರಗೆ ಹೋಗಿಬಿಡುತ್ತಿದ್ದ.

ಅದನ್ನು ಸೊಣ್ಣಮ್ಮ ತಾವೇ ಯೋಚಿಸಬೇಕಾಯಿತು. ಊರಿನಲ್ಲಿ ಕಮ್ಮಾರರು ಗಾಡಿಯ ಚಕ್ರಕ್ಕೆ ಕಾದ ಕಬ್ಬಿಣದ ಪಟ್ಟಿ ಹಾಕುವಾಗ ಎಲ್ಲರನ್ನೂ ದೂರ ನಿಲ್ಲಿಸುವುದನ್ನು ಅವರು ನೋಡಿದ್ದರು. ಇಲ್ಲಿ ದೂರ ನಿಂತರೆ ಗಾಳಿ ತುಂಬುವವರು ಯಾರು? ಮನುಷ್ಯ ಹತ್ತಿರವೇ ಇರಬೇಕು, ರಿಂಗು ಮಾತ್ರ ಅವನವರೆಗೆ ಬರಬಾರದು. ಕದಿರೇನಹಳ್ಳಿಯ ಕಡೆ ಗೇಟು, ಕಿಟಕಿ ಮಾಡುವ ಗುರುಶಾಂತಪ್ಪನ ವೆಲ್ಡಿಂಗ್ ಷೆಡ್ಡಿಗೆ ಹೋಗಿ ಕೇಳಿದರು: "ಹುಲಿ ಇಡೋ ಬೋನು ಮಾಡ್ತೀಯೇನಣ್ಣ?"

"ಹುಲಿ ಎಲ್ಲಿ ಸಿಕ್ತಮ್ಮ ನಿಂಗೆ?"

"ನಮ್ಮನೆಯವರ ಕೈ ಕಚ್ಚಿದ್ದು. ಚಕ್ರ ಒಳಗಿಟ್ಟು ಗಾಳಿ ತುಂಬಬೇಕು. ಒಳಗಿಂದ ಏನೇ ಹಾರಿದ್ರೂ ಹೊರಗೆ ಬರಕೂಡ್ದು."

ಗುರುಶಾಂತಪ್ಪ ಷೆಡ್ಡಿನಲ್ಲಿದ್ದ ದಪ್ಪ ಪೈಪುಗಳನ್ನು ಒಂದೊಂದಾಗಿ ನೆಲಕ್ಕೆ ಬೀಳಿಸಿ ಸದ್ದು ಕೇಳತೊಡಗಿದ. ಮೊದಲು ಮಾಡಿದ ಬೋನು ತೆಳುವಾಯಿತೆಂದು ಸೊಣ್ಣಮ್ಮ ಒಪ್ಪಲಿಲ್ಲ. ಇನ್ನೊಂದು ಮಾಡಿದ. ಗಾಳಿಯ ಕೊಳವೆ ಉದ್ದ ಮಾಡಿಸಿ, ಅದರ ತುದಿ ವಾಲ್ವಿಗೆ ತಾನೇ ಕಚ್ಚಿಕೊಂಡಿರುವ ಹಾಗೆ ಕ್ಲಿಪ್ಪು ಹಾಕಿಸಿದರು. ಈಗ ಚಕ್ರ ಬೋನಿನೊಳಗೆ, ತುಂಬುವವರು ಆಚೆ ನೆಟ್ಟ ಕಲ್ಲುಕಂಬದ ಹಿಂದೆ.

ಲಾರಿಯವರಿಗೆ ಅದೊಂದು ತಮಾಷೆಯಾಯಿತು. "ನನ್ನ ಟೈರ್ ಏನು ಕಳ್ಳತನ ಮಾಡ್ತಮ್ಮ, ಜೈಲಿಗೆ ಹಾಕ್ತಿದ್ದೀಯ?" ಎನ್ನುವರು. ಚಕ್ರ ಎತ್ತಿ ಬೋನಿಗಿಡಲು, ತೆಗೆಯಲು ಹೊತ್ತು ಹಿಡಿಯುತ್ತದೆಂದು ಗೊಣಗುವರು. ಕೆಲವರು ಹಾರನ್ ಹೊಡೆದುಕೊಂಡು ಮುಂದಿನ ಅಂಗಡಿಗೆ ಹೋಗುವರು. ಸೊಣ್ಣಮ್ಮ ಒಂದು ಚಕ್ರಕ್ಕೂ ಬೋನಿನ ಹೊರಗೆ ಗಾಳಿ ಹಾಕಲಿಲ್ಲ. ಜೀಪಿನ ಸಣ್ಣ ಚಕ್ರವಾದರೂ ಅಷ್ಟೇ.

ಎಲ್ಲಕ್ಕಿಂತ ದೊಡ್ಡ ಗಲಾಟೆಯಾದದ್ದು ಬೋರಣ್ಣನ ಜೊತೆ. ಸುಬ್ರಹ್ಮಣ್ಯಪುರದ ಕಡೆಯಿಂದ ಕಲ್ಲು ಸಾಗಿಸುವ ಲಾರಿಗಳ ಡ್ರೈವರುಗಳಿಗೆಲ್ಲ ಅವನೇ ಹಿರಿಯ. ಅವನು ನಿಲ್ಲಿಸಿದಲ್ಲಿ ಉಳಿದವರೂ ನಿಲ್ಲಿಸುವರು. ಅವನ ಚಕ್ರ ಬಿಚ್ಚಿದಾಗ ರಿಂಗಿನಲ್ಲಿ ಕೂದಲೆಳೆಯಂಥ ಬಿರುಕು ಕಂಡಿತು. ಸೊಣ್ಣಮ್ಮ ಅದನ್ನು ಸೀಮೆಎಣ್ಣೆಯಲ್ಲಿ ಒರೆಸಿ ಬೆಳಕಿಗೆ ಹಿಡಿದು ತೋರಿಸಿದರು.

"ಇದನ್ನ ಹಾಕಲ್ಲಣ್ಣ."

"ಇಷ್ಟು ದಿನ ಓಡಿಲ್ವೇನಮ್ಮ ಅದರ ಮೇಲೆ? ಹಾಕು, ಲೋಡ್ ನಿಂತೈತೆ."

"ಹಾಕಲ್ಲ."

"ಬೇಡ ಬಿಡು. ಕೊಡು ಇಲ್ಲಿ, ಮುಂದಿನ ಅಂಗಡೀಲಿ ಹಾಕಿಸ್ಕೊಂತೀನಿ."

ಮುಂದಿನ ಅಂಗಡಿಯಲ್ಲಿ ಬೋನಿರಲಿಲ್ಲ. ಅಲ್ಲಿ ಸುತ್ತಿಗೆ ಹಿಡಿದು ಕೂರುವವನ ಮುಖ ಸೊಣ್ಣಮ್ಮನವರಿಗೆ ಗೊತ್ತಿತ್ತು. ಅವರು ರಿಂಗನ್ನು ಅಂಗಡಿಯ ಮುಂದಿನ ಕಲ್ಲಿನ ಮೇಲಿಟ್ಟು ದೊಡ್ಡ ಸುತ್ತಿಗೆ ಎತ್ತಿ ಬಿರುಕಿನ ಮೇಲೇ ಹೊಡೆದರು. ಎರಡನೆಯ ಏಟಿಗೆ ಅದು ಮುರಿಯಿತು. ಬೋರಣ್ಣ ಅವರ ಮೇಲೆ ಕೈಯೆತ್ತಿಕೊಂಡೇ ಬಂದನಂತೆ. ಸುತ್ತಿಗೆ ಇನ್ನೂ ಅವರ ಕೈಯಲ್ಲೇ ಇತ್ತು.

"ಹೆದರಿಕೆ ಆಗಲಿಲ್ಲವೆ?" ಎಂದು ಕೇಳಿದೆ.

"ಆಯ್ತು ಸ್ವಾಮಿ. ಆದ್ರೆ ರಿಂಗು ಮುರಿದಿತ್ತಲ್ಲ, ಅವನು ನಂಗೆ ಏನು ಮಾಡಿದ್ರೂ ಅದನ್ನ ಇನ್ನ ಯಾರೂ ಎಲ್ಲೂ ಹಾಕಂಗಿಲ್ಲ. ಅಷ್ಟು ಸಾಕು ಅನ್ನಿಸ್ತು."

ಜಯದೇವಪ್ಪನವರು ತಮ್ಮಲ್ಲಿದ್ದ ಒಳ್ಳೆಯ ರಿಂಗೊಂದನ್ನು ಕೊಟ್ಟು ಬೋರಣ್ಣನನ್ನು ಕಳಿಸಿದರು. ಅವನು ರಿಂಗು ತೆಗೆದುಕೊಂಡ, ಈ ಅಂಗಡಿಯ ಮುಂದೆ ಮತ್ತೆ ಬ್ರೇಕು ಹಾಕುವುದಿಲ್ಲವೆಂದು ಆಣೆ ಮಾಡಿದ. ಕಲ್ಲಿನ ಲಾರಿಗಳು ಒಟ್ಟಿಗೇ ನಿಂತುಹೋದವು. ಅಂಗಡಿ ಬಣಗುಟ್ಟಿತು. ಸೊಣ್ಣಮ್ಮ ಕೆಲಸ ಬಿಡುತ್ತೇನೆಂದು ಹೇಳಲು ಹೋದಾಗ ಜಯದೇವಪ್ಪನವರು ಮೇಲಕ್ಕೆ ಕೈ ತೋರಿಸಿದರು. ಮಾಡಿನ ಸೀಳಿಗೆ ಹೊಡೆದ ತೇಪೆ ಅಲ್ಲಿತ್ತು. "ಅದರ ಕೆಳಗೆ ಕೂತು ನಿನ್ನ ಹೇಗಮ್ಮ ಕಳಿಸಲಿ?" ಎಂದರಂತೆ.

ಇಷ್ಟು ಜಾಗ್ರತೆಯ ಹೆಂಗಸಿನ ಕಣ್ಣೂ ಒಂದು ದಿನ ತಪ್ಪಿತು. ಅರವತ್ತಮೂರರ ಬೇಸಿಗೆ. ಮರಳಿನ ಲಾರಿಯ ಚಕ್ರ. ರಿಂಗು ತೊಳೆದು, ಸವರಿ, ಬೆಳಕಿಗೆ ಹಿಡಿದು ನೋಡಿ ಸರಿಯಿದೆ ಎಂದಿದ್ದರು. ಚೆನ್ನಾಗಿ ಕೂತೂ ಇತ್ತು. ಬೋನಿಗಿಟ್ಟು ಗಾಳಿ ತುಂಬತೊಡಗಿದರು. ಗಾಳಿ ಮುಕ್ಕಾಲು ತುಂಬಿದಾಗ ಸಿಡಿಲು ಬಡಿದಂಥ ಸದ್ದು. ಹೊಗೆಯಂತೆ ಧೂಳು ಎದ್ದಿತು. ಅಕ್ಕಪಕ್ಕದವರು ಓಡಿ ಬಂದರು. ಧೂಳು ಇಳಿದಾಗ ಬೋನಿನ ಎರಡು ಪೈಪು ಹೊರಕ್ಕೆ ಬಾಗಿದ್ದವು. ರಿಂಗು ಅವುಗಳ ನಡುವೆ ಸಿಕ್ಕಿಕೊಂಡಿತ್ತು. ಕಂಬದ ಹಿಂದೆ ಸೊಣ್ಣಮ್ಮ, ರಸ್ತೆಯಲ್ಲಿ ಡ್ರೈವರು. ಇಬ್ಬರಿಗೂ ಒಂದು ಗೀರೂ ಆಗಿರಲಿಲ್ಲ.

ಎಲ್ಲರೂ ಬೋನನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರೆ ಸೊಣ್ಣಮ್ಮ ಅಂಗಡಿಯ ಮೂಲೆಯಲ್ಲಿ ಕೂತುಬಿಟ್ಟಿದ್ದರು. "ಎಲ್ಲರೂ ಭಲೇ ಅಂತಿದ್ರು. ನಂಗೆ ಅದು ಕಿವಿಗೇ ಬೀಳ್ಲಿಲ್ಲ. ನಾನು ನೋಡಿದ್ನಲ್ಲ, ಸರಿ ಐತೆ ಅಂದಿದ್ನಲ್ಲ, ಅದೇ ತಲೇಲಿ. ರಿಂಗು ಕಂಡ್ರೆ ಗೊತ್ತಾಗ್ತದೆ ಅಂತ ನಂಗೆ ಬಲೇ ಜಂಬ ಇತ್ತು." ಅವತ್ತು ಮನೆಗೆ ಹೋದವರು ಮರುದಿನ ಏಳಲಿಲ್ಲ. ಅದರ ಮರುದಿನವೂ ಇಲ್ಲ. ಕೈ ನಡುಗುತ್ತಿದೆ, ಇನ್ನು ಆಗುವುದಿಲ್ಲ ಎಂದು ಗಂಡನಿಗೆ ಹೇಳಿದರು.

ಚಿಕ್ಕಬೈರಪ್ಪ ಮರುದಿನ ಬೆಳಗ್ಗೆ ಎದ್ದು ಎಡಗೈಯಲ್ಲೇ ಷರಟು ಹಾಕಿಕೊಂಡು ಹೊರಟ. ಅಪಘಾತವಾದ ಮೇಲೆ ಆತ ಬನಶಂಕರಿಯ ಕಡೆ ತಲೆ ಹಾಕಿರಲಿಲ್ಲ. ಆ ರಸ್ತೆ ತಪ್ಪಿಸಲು ಸುತ್ತುಹಾಕಿ ಹೋಗುತ್ತಿದ್ದ. ಸೊಣ್ಣಮ್ಮ ಗಾಬರಿಯಿಂದ ಹಿಂದೆಯೇ ಓಡಿದರು. ಆತ ಅಂಗಡಿಯೊಳಗೆ ಹೋಗಿ ಬೋನಿನ ಮುಂದೆ ಬಹಳ ಹೊತ್ತು ನಿಂತ. ಬಾಗಿದ ಪೈಪುಗಳ ಮೇಲೆ ಎಡಗೈ ಆಡಿಸಿದ.

ಅಲ್ಲಿ ಹೆಂಡತಿಗೆ ಏನು ಹೇಳಿದನೆಂದು ನಾನು ಆತನನ್ನೇ ಕೇಳಿದೆ. ಚಿಕ್ಕಬೈರಪ್ಪ ಈಗ ಅಂಗಡಿಯಲ್ಲೇ ಕೆಲಸ ಮಾಡುತ್ತಾನೆ. ಕಂಬದ ಹಿಂದೆ ನಿಂತು ಎಡಗೈಯಲ್ಲಿ ಗಾಳಿಯ ತಿರುಪು ತಿರುಗಿಸುವುದು, ಒತ್ತಡ ತೋರಿಸುವ ಮುಳ್ಳು ನೋಡುವುದು ಆತನ ಪಾಲಿನದು. ಮಾತು ಕಡಿಮೆ. "ಏನು ಹೇಳೋದು ಸಾರ್," ಎಂದ. "ಅವಳ ಕಣ್ಣು ತಪ್ತು. ನಂದೂ ತಪ್ಪಿತ್ತು. ತಪ್ಪದೇ ಇರೋ ಕಣ್ಣು ಯಾರಿಗೈತೆ? ನಂಗೆ ಬೋನಿರ್ಲಿಲ್ಲ, ಅವಳು ಮಾಡ್ಕೊಂಡಿದ್ಲು. ಅದನ್ನೇ ಹೇಳ್ದೆ. ನಿನ್ನ ಕೈ ನಡುಗಿದ್ರೆ ನನ್ನ ಒಂದು ಕೈ ಐತಲ್ಲ, ನಾನು ಗಾಳಿ ಹಿಡ್ಕೊಂತೀನಿ, ನೀನು ಮೆಷಿನ್ ನೋಡ್ಕೊ ಅಂದೆ."

ಅವತ್ತು ಗುರುಶಾಂತಪ್ಪ ಬಂದು ಬಾಗಿದ ಪೈಪು ಬದಲಿಸಿ, ಇನ್ನೊಂದು ಸುತ್ತು ಪಟ್ಟಿ ಹೊಡೆದುಕೊಟ್ಟ. ಮಧ್ಯಾಹ್ನದ ಹೊತ್ತಿಗೆ ಗಂಡಹೆಂಡತಿ ಸೇರಿ ಒಂದು ಚಕ್ರ ಮುಗಿಸಿದರು. ಸೊಣ್ಣಮ್ಮನವರ ಕೈ ಅವತ್ತೂ ನಡುಗಿತಂತೆ, ಮರುದಿನವೂ ನಡುಗಿತಂತೆ. ಯಾವತ್ತು ನಿಂತಿತೆಂದು ಅವರಿಗೆ ನೆನಪಿಲ್ಲ.

ಆ ಸಿಡಿತದ ಸುದ್ದಿ ಕಲ್ಲಿನ ಲಾರಿಯವರನ್ನೂ ಮುಟ್ಟಿತು. ಕೆಲವು ವಾರ ಕಳೆದ ಮೇಲೆ ಒಂದು ಸಂಜೆ ಬೋರಣ್ಣ ಅಂಗಡಿಯ ಮುಂದೆ ಲಾರಿ ನಿಲ್ಲಿಸಿದ. ಇಳಿದು ಬಂದು, ಬೋನನ್ನೂ ನೋಡಿ, ಚಿಕ್ಕಬೈರಪ್ಪನ ಕೈಯನ್ನೂ ನೋಡಿ, "ಅಕ್ಕ, ಹಿಂದಿನ ಚಕ್ರ ಸ್ವಲ್ಪ ನೋಡಿ ಹಾಕು. ಎಷ್ಟೊತ್ತಾದ್ರೂ ಆಗ್ಲಿ," ಎಂದ. ಹಳೆಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಕಲ್ಲಿನ ಲಾರಿಗಳು ಮತ್ತೆ ಬರತೊಡಗಿದವು.

ಈಗ ದಿನಕ್ಕೆ ಹತ್ತು ಹನ್ನೆರಡು ಚಕ್ರ ಈ ಯಂತ್ರದ ಮೇಲೆ ಹತ್ತಿ ಇಳಿಯುತ್ತವೆ. ಜಯನಗರಕ್ಕೆ ಕಲ್ಲು ಜಾಸ್ತಿ ಹೋಗುವ ದಿನಗಳಲ್ಲಿ ಇಪ್ಪತ್ತೂ ಆಗುವುದುಂಟು. ಬೇಸಿಗೆಯಲ್ಲಿ ತಗಡಿನ ಮಾಡಿನ ಕೆಳಗೆ ನಿಲ್ಲಲಾಗದಷ್ಟು ಕಾವು. ಮಳೆಗಾಲದಲ್ಲಿ ರಸ್ತೆಯ ಕೆಸರೆಲ್ಲ ಚಕ್ರದ ಜೊತೆ ಒಳಗೆ ಬರುತ್ತದೆ. ನೆಲ ಜಾರಿದರೆ ಪೆಡಲಿನ ಮೇಲಿನ ಕಾಲು ತಪ್ಪುತ್ತದೆಂದು ಪ್ರತಿ ಚಕ್ರಕ್ಕೂ ಮೊದಲು ಬೂದಿ ಎರಚಿ ಗುಡಿಸುತ್ತಾರೆ. ಸೊಣ್ಣಮ್ಮನವರಿಗೆ ಸೊಂಟನೋವು ಹತ್ತಿದೆ. ಅಂಗೈ ಒರಟಾಗಿ, ರಾಗಿಮುದ್ದೆ ಕಟ್ಟುವಾಗ ಬಿಸಿ ತಾಕುವುದೇ ಇಲ್ಲವೆಂದು ನಗುತ್ತಾರೆ. ಇಬ್ಬರು ಹೆಣ್ಣುಮಕ್ಕಳು ಶಾಲೆಗೆ ಹೋಗುತ್ತಾರೆ. ಸಂಜೆ ಅವರ ತಲೆ ಬಾಚುವ ಕೆಲಸ ಮುನಿವೆಂಕಟಮ್ಮನವರದು, "ನಿಮ್ಮವ್ವನ ಕೈ ಎಣ್ಣೆ ಹಚ್ಚಿದ್ರೆ ಕೂದ್ಲೆಲ್ಲ ಕಿತ್ತು ಬತ್ತದೆ" ಎನ್ನುತ್ತ.

ಗುರುಶಾಂತಪ್ಪ ಈಗ ಇಂಥದ್ದೇ ಬೋನನ್ನು ಬೇರೆಯವರಿಗೂ ಮಾಡಿಕೊಡುತ್ತಿದ್ದಾನೆ. ಮುಂದಿನ ಅಂಗಡಿಯವನೂ ಕಳೆದ ವರ್ಷ ಹಾಕಿಸಿಕೊಂಡ. ಅಳತೆ ಕೇಳಿಕೊಂಡು ಬಂದಾಗ ಸೊಣ್ಣಮ್ಮ ತಾವೇ ಅಲ್ಲಿಗೆ ಹೋಗಿ, ಕಂಬ ಎಲ್ಲಿರಬೇಕು, ಕೊಳವೆ ಎಷ್ಟು ಉದ್ದವಿರಬೇಕು ಎಂದು ತೋರಿಸಿ ಬಂದಿದ್ದಾರೆ. ಗಿರಾಕಿ ಅಲ್ಲಿಗೇ ಹೋದರೆ ಎಂದು ಜಯದೇವಪ್ಪನವರು ತಮಾಷೆ ಮಾಡಿದ್ದಕ್ಕೆ, "ಹೋಗ್ಲಿ ಬಿಡಿ ಸಾವ್ಕಾರ್ರೇ, ಈಗ ಧೈರ್ಯವಾಗಿ ಕಳಿಸ್ಬೋದು" ಎಂದಿದ್ದರಂತೆ.

ಹೊರಡುವ ಮುಂಚೆ, ನಿಮಗೇನಾದರೂ ಆಸೆಯಿದೆಯೆ ಎಂದು ಕೇಳಿದೆ. ಸೊಣ್ಣಮ್ಮ ಟೈರಿನ ಒಳಗೆ ಅಂಗೈ ಆಡಿಸಿ ಮೊಳೆ ಹುಡುಕುತ್ತಿದ್ದರು. ಕೈ ನಿಲ್ಲಿಸಿ ಗಂಡನ ಕಡೆ ನೋಡಿದರು. ಆತ ಮುಗುಳ್ನಕ್ಕು ಮುಖ ತಿರುಗಿಸಿದ; ಆ ಆಸೆ ಆತನಿಗೆ ಮೊದಲೇ ಗೊತ್ತಿದ್ದಂತಿತ್ತು.

"ಲಾರೀಲಿ ಕೂರ್ಬೇಕು ಸ್ವಾಮಿ," ಎಂದರು, ಸ್ವಲ್ಪ ನಾಚಿಕೊಂಡು.

ನನಗೆ ನಂಬಿಕೆಯಾಗಲಿಲ್ಲ. "ಇಷ್ಟು ವರ್ಷದಲ್ಲಿ ಒಂದು ಸಲವೂ ಕೂತಿಲ್ಲವೆ?"

"ನಾವು ಹೊಲದ ದಾರೀಲಿ ನಡ್ಕೊಂಡು ಬತ್ತೀವಿ, ನಡ್ಕೊಂಡು ಓಗ್ತೀವಿ. ಲಾರಿ ಏನಿದ್ರೂ ಇಲ್ಲಿ ನಿಂತಿದ್ದಾಗ ನೋಡಿರೋದೇ. ಒಂದ್ಸಲ ಮುಂದಿನ ಸೀಟಲ್ಲಿ ಕೂತು, ತುಂಬಿದ ಲೋಡಲ್ಲಿ, ಕನಕಪುರದ ಗಂಟ ಓಗ್ಬಿಟ್ಟು ಬರ್ಬೇಕು. ಅವರೂ ಜೊತೇಲಿ ಬರ್ಬೇಕು. ಇಳಿಜಾರಲ್ಲಿ ಡ್ರೈವರಪ್ಪ ಜೋರಾಗಿ ಬಿಡ್ಲಿ," ಎಂದು ಟೈರನ್ನು ಯಂತ್ರದ ಕಡೆ ಉರುಳಿಸುತ್ತ ಹೇಳಿದರು. "ನಂಗೇನೂ ಭಯ ಇಲ್ಲ. ಚಕ್ರ ನಾನು ಹಾಕಿರೋದಲ್ವಾ!"